ಯುದ್ಧ ಬಂದರೂ ಕರಾರು ಮುರಿಯದು

(ಆಲಮಟ್ಟಿಯಲ್ಲಿ ನಡೆದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಕಾಗದದ ಬೆಲೆ ಏನೆಂಬುದನ್ನು ಆಲಮಟ್ಟಿಯ ಜನರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗುವುದಕ್ಕೆ ಕೆಲವೇ ದಿನಗಳ ಮೊದಲು, 1964ರ ಮೇ 22ರಂದು, ಇಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಕೃಷ್ಣೆಯ ನೀರು ನಿಂತಾಗ ಊರುಗಳು ಮುಳುಗಿದವು, ಹೊಲಗಳು ಮುಳುಗಿದವು. ಪರಿಹಾರ ಹಂಚುವಾಗ ಅಧಿಕಾರಿಗಳು ಕೇಳಿದ್ದು ಪಹಣಿಯನ್ನು, ಹಕ್ಕುಪತ್ರವನ್ನು. ದಾಖಲೆಯಲ್ಲಿ ಹೆಸರಿದ್ದವನಿಗೆ ಕೇಳುವ ಹಕ್ಕಿತ್ತು. ಅದೇ ಹೊಲದಲ್ಲಿ ಜೀವಮಾನವಿಡೀ ದುಡಿದ ಕೂಲಿಕಾರನ ಬೆವರು ಯಾವ ದಾಖಲೆಯಲ್ಲೂ ಇರಲಿಲ್ಲ. ಅಂಥವರ ಮಕ್ಕಳೇ ಗುಳೆ ಹೊರಟರು. ಸೊಲ್ಲಾಪುರದ ದಾರಿ ಹಿಡಿದು ಮುಂಬಯಿಗೆ ಹೋದರು, ಗೋವಾಕ್ಕೆ ಹೋದರು, ಮಂಗಳೂರಿಗೆ ಹೋದರು. ಪಾಸ್‌ಪೋರ್ಟ್ ಕೈಗೆ ಬಂದವರು ಸಮುದ್ರ ದಾಟಿ ಕೊಲ್ಲಿ ರಾಷ್ಟ್ರಗಳಿಗೂ ಹೋದರು.

ಅವರು ಹೋದ ನಾಡಿನಲ್ಲಿ ಯುದ್ಧ ಆರಂಭವಾದರೆ ಏನಾಗುತ್ತದೆ? ದುಡಿದ ಸಂಬಳ ಯಾರು ಕೊಡಬೇಕು? ಮನೆಗೆ ಮರಳಲು ಟಿಕೆಟ್ ಯಾರು ಕೊಡಿಸಬೇಕು? ಗಾಯವಾದರೆ, ಪ್ರಾಣವೇ ಹೋದರೆ, ಮನೆಯವರಿಗೆ ಹೊಣೆ ಯಾರು? ಇಂದು ನಾವು ನಿಮ್ಮ ಮುಂದಿಡುವುದು ಈ ಪ್ರಶ್ನೆಗಳನ್ನೇ. ಇವು ದೂರದ ಪ್ರಶ್ನೆಗಳೆಂದು ಯಾರೂ ಭಾವಿಸಬಾರದು. ನಮ್ಮ ನೆರೆಯ ಜಿಲ್ಲೆಯಲ್ಲೇ ನಡೆದ ಘಟನೆಯಿಂದ ಆರಂಭಿಸೋಣ.

2024ರ ಫೆಬ್ರವರಿಯಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಕುಟುಂಬಗಳು ಕಣ್ಣೀರಿಡುತ್ತಾ ಸರಕಾರದ ಮೊರೆ ಹೋದವು. ಅವರ ಮಕ್ಕಳನ್ನು ರಷ್ಯಾದಲ್ಲಿ ಕಾವಲುಗಾರ, ಸಹಾಯಕ ಮುಂತಾದ ಕೆಲಸವಿದೆಯೆಂದು ನಂಬಿಸಿ ಕರೆದೊಯ್ಯಲಾಗಿತ್ತು. ಅಲ್ಲಿ ತಲುಪಿದ ಮೇಲೆ ರಷ್ಯನ್ ಭಾಷೆಯ ಕರಾರು ಪತ್ರಕ್ಕೆ ಸಹಿ ಹಾಕಿಸಲಾಯಿತು. ಅದರಲ್ಲಿ ಏನಿದೆಯೆಂದು ಓದಲು ಅವರಿಗೆ ಬರುತ್ತಿರಲಿಲ್ಲ. ಬಳಿಕ ಅವರ ಕೈಗೆ ಬಂದೂಕು ಬಂತು; ಉಕ್ರೇನ್ ಯುದ್ಧದ ಮುಂಚೂಣಿಯೇ ಅವರ ಕೆಲಸದ ಸ್ಥಳವಾಯಿತು. ಇದೇ ರೀತಿಯಲ್ಲಿ ಹೋಗಿದ್ದ ಗುಜರಾತಿನ ಒಬ್ಬ ಯುವಕ ಮತ್ತು ಹೈದರಾಬಾದಿನ ಒಬ್ಬ ಯುವಕ ಅಲ್ಲಿಯೇ ಪ್ರಾಣ ಕಳಕೊಂಡರು. 2024ರ ಮಾರ್ಚಿನಲ್ಲಿ ಸಿಬಿಐ ಏಳು ನಗರಗಳಲ್ಲಿ ಶೋಧ ನಡೆಸಿ ಮಾನವ ಸಾಗಾಟದ ಮೊಕದ್ದಮೆ ದಾಖಲಿಸಿತು. ಅದೇ ವರ್ಷ ಜುಲೈಯಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದರು. ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಯುವಕರು ಮನೆಗೆ ಮರಳಿದರು. ಅಲ್‌ಹಮ್ದುಲಿಲ್ಲಾಹ್. ಆದರೆ ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ, ರಷ್ಯಾದ ಸೇನೆ ಸೇರಿದ್ದ 126 ಭಾರತೀಯರ ಪೈಕಿ 96 ಮಂದಿ ಮರಳಿದ್ದರು, 12 ಮಂದಿ ಮೃತಪಟ್ಟಿದ್ದರು, 16 ಮಂದಿ ಎಲ್ಲಿದ್ದಾರೆಂಬುದೇ ತಿಳಿದಿರಲಿಲ್ಲ.

ಈ ಘಟನೆಯನ್ನು ಓದುವಾಗ ಒಂದು ಹದೀಸ್ ನೆನಪಾಗದಿರದು. ಅಂತ್ಯದಿನದಂದು ಮೂವರ ವಿರುದ್ಧ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಪ್ರವಾದಿ(ಸ)ರು ತಿಳಿಸಿರುವುದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಅಲ್ಲಾಹನ ಹೆಸರಿನಲ್ಲಿ ಮಾತು ಕೊಟ್ಟು ವಂಚಿಸುವವನು ಒಬ್ಬ. ಸ್ವತಂತ್ರ ಮನುಷ್ಯನನ್ನು ಮಾರಿ ಆ ಹಣವನ್ನು ತಿನ್ನುವವನು ಇನ್ನೊಬ್ಬ. ಕಾರ್ಮಿಕನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನು ಮೂರನೆಯವನು. ಯುವಕರನ್ನು ಯುದ್ಧಭೂಮಿಗೆ ಸಾಗಿಸುವ ದಲ್ಲಾಳಿಯ ದಂಧೆಯನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿ. ಮೂರು ಅಪರಾಧಗಳೂ ಅಲ್ಲಿ ಒಟ್ಟಿಗೇ ಇವೆ.

ಯುದ್ಧ ಬಂದಾಗ ಮಾಲಕರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತೊಂದಿದೆ. ಯುದ್ಧವನ್ನು ನಾವು ತಂದದ್ದಲ್ಲ, ಪರಿಸ್ಥಿತಿ ಕೈಮೀರಿದೆ, ಆದ್ದರಿಂದ ಕರಾರು ಇಲ್ಲಿಗೆ ಮುಗಿಯಿತು ಎಂಬುದೇ ಆ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಕಾರ್ಖಾನೆಯೇ ಸುಟ್ಟುಹೋದರೆ ನಾಳೆಯ ಕೆಲಸ ಕೊಡಲು ಸಾಧ್ಯವಾಗದಿರಬಹುದು. ಆದರೆ ನಿನ್ನೆ ದುಡಿದ ದುಡಿಮೆಯ ಸಂಬಳ ಯುದ್ಧದಲ್ಲಿ ಸುಟ್ಟುಹೋಗುವುದಿಲ್ಲ. ಅದು ಮಾಲಕನ ಮೇಲಿರುವ ಸಾಲ. ನಮ್ಮ ದೇಶದ 1872ರ ಕರಾರು ಕಾಯ್ದೆಯೂ ಇದನ್ನೇ ಹೇಳುತ್ತದೆ. ಕರಾರು ನೆರವೇರಿಸುವುದು ಅಸಾಧ್ಯವಾದರೆ ಅದು ರದ್ದಾಗುತ್ತದೆಯೆಂದು ಹೇಳುವ ಅದೇ ಕಾನೂನು, ಅಂತಹ ಕರಾರಿನಿಂದ ಲಾಭ ಪಡೆದವನು ಅದನ್ನು ಮರಳಿಸಬೇಕು ಅಥವಾ ಪರಿಹಾರ ಕೊಡಬೇಕೆಂದು ತನ್ನ 65ನೇ ಕಲಮಿನಲ್ಲಿ ವಿಧಿಸುತ್ತದೆ.

ಇಸ್ಲಾಮಿನ ನಿಲುವು ಇನ್ನೂ ಸ್ಪಷ್ಟವಾಗಿದೆ. ಪ್ರವಾದಿ ಮೂಸಾ(ಅ)ರ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಫಿರ್‌ಔನನ ಜನರು ಕೊಲ್ಲಲು ಹವಣಿಸುತ್ತಿದ್ದಾಗ ಅವರು ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದರು. ಕೈಯಲ್ಲಿ ಹಣವಿಲ್ಲ, ತಲೆಯ ಮೇಲೆ ಸೂರಿಲ್ಲ, ಊರಲ್ಲಿ ಪರಿಚಯದವರಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರೊಬ್ಬ ನಿರಾಶ್ರಿತ ಕಾರ್ಮಿಕ. ಇಂಥವನನ್ನು ಹೊಟ್ಟೆಪಾಡಿಗೆ ದುಡಿಸಿಕೊಳ್ಳುವುದು ಮಾಲಕನಿಗೆ ಎಷ್ಟು ಸುಲಭ! ಆದರೆ ಆ ಮದ್‌ಯನ್‌ನ ಹಿರಿಯರು ಮಾಡಿದ್ದೇನು? ದುಡಿಮೆಯ ಅವಧಿ ಎಂಟು ವರ್ಷವೆಂದು ಮೊದಲೇ ತಿಳಿಸಿದರು. ಹತ್ತು ವರ್ಷ ಪೂರ್ತಿ ಮಾಡುವುದು ಕೆಲಸಗಾರನ ಇಷ್ಟಕ್ಕೆ ಬಿಟ್ಟದ್ದೆಂದರು. ತಾನು ಕಷ್ಟ ಕೊಡಬಯಸುವುದಿಲ್ಲವೆಂದು ಮಾತು ಕೊಟ್ಟರು. ಇಬ್ಬರ ಮಾತಿಗೂ ಅಲ್ಲಾಹನನ್ನು ಸಾಕ್ಷಿಯಾಗಿರಿಸಲಾಯಿತು. ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಈ ವೃತ್ತಾಂತವಿದೆ. ಕೆಲಸಗಾರ ಎಷ್ಟು ಅಸಹಾಯಕನೋ ಮಾಲಕನ ಹೊಣೆ ಅಷ್ಟು ಭಾರವೆಂಬ ಪಾಠ ಅದರಲ್ಲಿದೆ. ಯುದ್ಧವು ಕೆಲಸಗಾರನನ್ನು ಅತ್ಯಂತ ಅಸಹಾಯಕನನ್ನಾಗಿ ಮಾಡುತ್ತದೆ. ಹಾಗಿರುವಾಗ ಮಾಲಕನ ಹೊಣೆ ಅಂದು ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಇದು ಉಪದೇಶಕ್ಕೆ ಚೆನ್ನ, ಆಚರಣೆಗೆ ಬಾರದು ಎಂದು ಕೆಲವರು ಹೇಳಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ.

1962ರಲ್ಲಿ ಚೀನಾದೊಂದಿಗೆ ಯುದ್ಧ ನಡೆಯಿತು. ಮರುವರ್ಷ, 1963ರಲ್ಲಿ, ನಮ್ಮ ಸಂಸತ್ತು ವೈಯಕ್ತಿಕ ಗಾಯಗಳ ಪರಿಹಾರ ವಿಮಾ ಕಾಯ್ದೆಯನ್ನು ಅಂಗೀಕರಿಸಿತು. ಶತ್ರುವಿನ ದಾಳಿಯಿಂದ ಕಾರ್ಮಿಕನಿಗೆ ಗಾಯವಾದರೆ ಮಾಲಕ ಪರಿಹಾರ ಕೊಡಬೇಕು, ಆ ಹೊಣೆಗೆ ಮೊದಲೇ ವಿಮೆ ಮಾಡಿಸಿರಬೇಕು ಎಂಬುದು ಅದರ ತಿರುಳು. ಬಾಂಬು ಹಾಕಿದವನು ಮಾಲಕನಲ್ಲವೆಂಬುದು ಸಂಸತ್ತಿಗೆ ತಿಳಿಯದ ವಿಷಯವಲ್ಲ. ಆದರೂ ಯುದ್ಧದ ನಷ್ಟವನ್ನು ಬಡ ಕಾರ್ಮಿಕನ ಕುಟುಂಬವೊಂದೇ ಹೊರಬಾರದೆಂದು ಅದು ಭಾವಿಸಿತು. ಸಾಧಾರಣ ವಿಮಾ ಪಾಲಿಸಿಗಳಲ್ಲಿ ಯುದ್ಧದಿಂದಾದ ಹಾನಿಯನ್ನು ಹೊರಗಿಡುವ ಷರತ್ತು ಇರುತ್ತದೆ. ಆದ್ದರಿಂದಲೇ ಪ್ರತ್ಯೇಕ ಕಾನೂನು ಬೇಕಾಯಿತು. ವಿಮೆ ಇದೆ ಎಂದು ಏಜೆಂಟ್ ಹೇಳಿದಾಗ ತೃಪ್ತರಾಗಿ ಎದ್ದುಬರುವ ತಂದೆತಾಯಿಗಳು ಈ ಸೂಕ್ಷ್ಮವನ್ನು ಗಮನಿಸಬೇಕು. ಯುದ್ಧದ ಗಾಯ ಅದರಲ್ಲಿ ಸೇರಿದೆಯೇ ಎಂದು ಕೇಳಬೇಕು.

ಇನ್ನೊಂದು ಉದಾಹರಣೆ ಹಡಗಿನ ನಾವಿಕರದ್ದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದವು. ನಾವಿಕರ ಅಂತರರಾಷ್ಟ್ರೀಯ ಒಕ್ಕೂಟ ಹಡಗು ಮಾಲಕರೊಂದಿಗೆ ಮಾಡಿಕೊಂಡಿರುವ ಒಪ್ಪಂದದಲ್ಲಿ ಯುದ್ಧವಲಯಕ್ಕೆ ಪ್ರತ್ಯೇಕ ನಿಯಮಗಳಿವೆ. ಅಂತಹ ವಲಯಕ್ಕೆ ಹೋಗಲಾರೆ ಎನ್ನುವ ಹಕ್ಕು ನಾವಿಕನಿಗಿದೆ. ಹಾಗೆಂದ ಮಾತ್ರಕ್ಕೆ ಅವನನ್ನು ಶಿಕ್ಷಿಸುವಂತಿಲ್ಲ, ಕಂಪೆನಿಯ ಖರ್ಚಿನಲ್ಲಿ ಮನೆಗೆ ಕಳುಹಿಸಬೇಕು. ಹೋಗಲು ಒಪ್ಪಿದವನಿಗೆ ಮೂಲವೇತನದಷ್ಟೇ ಹೆಚ್ಚುವರಿ ಭತ್ತೆ ಸಿಗಬೇಕು. ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಪರಿಹಾರ ದುಪ್ಪಟ್ಟು. ಈ ಒಪ್ಪಂದಕ್ಕೆ ಒಳಪಟ್ಟ ಹಡಗಿನಲ್ಲಿ ದುಡಿಯುವ ನಾವಿಕನಿಗೆ ಈ ರಕ್ಷಣೆ ಇದೆ. ಅದೇ ಕಡಲಿನ ದಡದಲ್ಲಿ ಗಾರೆ ಕೆಲಸ ಮಾಡುವ ನಮ್ಮ ಹುಡುಗನಿಗೆ ಅದು ಏಕಿಲ್ಲ? ನಾವಿಕರು ಸಂಘಟಿತರಾಗಿ, ಶಾಂತಿಯ ಕಾಲದಲ್ಲೇ ಕುಳಿತು ಬರೆಸಿಕೊಂಡರು. ನಮ್ಮವರು ಬರೆಸಿಕೊಳ್ಳಲಿಲ್ಲ. ಅಪಾಯ ಕಣ್ಣೆದುರಿಗಿದೆಯೆಂದು ಪ್ರಾಮಾಣಿಕವಾಗಿ ನಂಬಿ ಕೆಲಸದ ಸ್ಥಳದಿಂದ ಹಿಂದೆ ಸರಿಯುವ ಕಾರ್ಮಿಕನನ್ನು ಶಿಕ್ಷಿಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆಯೂ ಹೇಳಿದೆ. ತತ್ವ ಒಂದೇ. ಅದು ನಮ್ಮ ಹುಡುಗನ ಕರಾರಿನಲ್ಲಿ ಇಳಿದು ಬರಬೇಕಾಗಿದೆ.

ಕಾಗದ ಎಷ್ಟು ಕೆಲಸ ಮಾಡಬಲ್ಲದೆಂಬುದಕ್ಕೆ ಕುವೈತ್ ದೊಡ್ಡ ಸಾಕ್ಷಿ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು. ಆಗ ಅಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ಅನೇಕರು ಉಟ್ಟ ಬಟ್ಟೆಯಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಬಾರಿ ಹಾರಾಟ ನಡೆಸಿ 1.1 ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಈ ಕಥೆ ಎಲ್ಲರಿಗೂ ಗೊತ್ತು. ಸಿನೆಮಾ ಕೂಡಾ ಆಗಿದೆ. ನಂತರದ ಕಥೆ ಗೊತ್ತಿರುವವರು ಕಡಿಮೆ. 1991ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಂದು ಪರಿಹಾರ ಆಯೋಗವನ್ನು ಸ್ಥಾಪಿಸಿತು. ಇರಾಕಿನ ತೈಲ ಮಾರಾಟದ ಒಂದು ಪಾಲನ್ನು ಅದಕ್ಕೆ ಮೀಸಲಿಡಲಾಯಿತು. ದೇಶ ಬಿಡಬೇಕಾಗಿ ಬಂದ ಪ್ರತಿಯೊಬ್ಬನಿಗೂ 2,500 ಡಾಲರ್, ಬೇರೆ ಬೇಡಿಕೆ ಸಲ್ಲಿಸದವನಿಗೆ 4,000 ಡಾಲರ್ ಎಂದು ನಿಗದಿಯಾಯಿತು. ಕಳೆದುಹೋದ ಸಂಬಳಕ್ಕೆ, ಸಾಮಾನಿಗೆ, ಗಾಯಕ್ಕೆ ಪ್ರತ್ಯೇಕ ಅರ್ಜಿಗಳಿದ್ದವು. ಆಯೋಗ ಒಟ್ಟು ಸುಮಾರು 5,240 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಕೊನೆಯ ಕಂತು ಪಾವತಿಯಾದದ್ದು 2022ರ ಜನವರಿಯಲ್ಲಿ. ಭಾರತೀಯ ಕಾರ್ಮಿಕರೂ ಅದರ ಫಲ ಪಡೆದರು. ಅರ್ಜಿ ಸಲ್ಲಿಸುವಾಗ ಕೈಹಿಡಿದದ್ದು ಪಾಸ್‌ಪೋರ್ಟಿನ ಮುದ್ರೆ, ಕೆಲಸದ ಪರವಾನಿಗೆ, ಸಂಬಳದ ಚೀಟಿ, ಕಂಪೆನಿಯ ಪತ್ರ. ಮುಳುಗಡೆಯ ಊರಿನಲ್ಲಿ ಪಹಣಿ ಮಾಡಿದ ಕೆಲಸವನ್ನೇ ಅಲ್ಲಿ ಈ ಕಾಗದಗಳು ಮಾಡಿದವು.

ಅಲ್ಲಾಹನ ಗ್ರಂಥದ ಅತಿ ದೀರ್ಘವಾದ ಸೂಕ್ತ ಯಾವುದರ ಕುರಿತಾಗಿದೆಯೆಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ, ಸಾಕ್ಷಿಗಳನ್ನಿರಿಸುವುದರ ಕುರಿತಾಗಿದೆ. ಸಣ್ಣದಿರಲಿ ದೊಡ್ಡದಿರಲಿ ಬರೆದಿಡಲು ಬೇಸರಿಸಬಾರದೆಂಬುದು ಅಲ್‌ಬಕರ ಅಧ್ಯಾಯದ ಆ ಸೂಕ್ತದ ಆದೇಶ. ಸಂಬಳ ಮಾಲಕನ ಮೇಲಿರುವ ಸಾಲವಾಗಿರುವಾಗ, ಮಗನನ್ನು ದುಡಿಯಲು ಕಳುಹಿಸುವ ಮನೆಗೆ ಈ ಆದೇಶ ಅನ್ವಯಿಸುವುದಿಲ್ಲವೇ? ನಿಕಾಹ್‌ಗೆ ಮುನ್ನ ನಾಲ್ಕು ಮನೆಗಳಲ್ಲಿ ವಿಚಾರಿಸುವ ಸಮುದಾಯ, ಏಜೆಂಟನೊಬ್ಬನ ಮೊಬೈಲ್ ಸಂದೇಶವನ್ನು ನಂಬಿ ಮಗನನ್ನು ವಿಮಾನ ಹತ್ತಿಸುತ್ತಿದೆ. ತಾಯಿಯ ಒಡವೆ ಅಡವಿಟ್ಟು ಆ ಏಜೆಂಟನಿಗೆ ಲಕ್ಷಗಟ್ಟಲೆ ಕೊಡುತ್ತದೆ. ಈ ಸಾಲವೇ ಮುಂದೆ ಮಗನ ಕೊರಳಿಗೆ ಉರುಳಾಗುತ್ತದೆ. ಬಾಂಬು ಬೀಳುತ್ತಿದ್ದರೂ ಸಾಲ ತೀರದೆ ಮರಳಲಾರೆ ಎಂಬ ಸ್ಥಿತಿ ಬರುತ್ತದೆ.

ಇಲ್ಲಿ ನ್ಯಾಯದ ಇನ್ನೊಂದು ಮುಖವನ್ನೂ ನಾವು ನೋಡಬೇಕು. 2023ರ ಅಕ್ಟೋಬರ್ ಬಳಿಕ ಇಸ್ರೇಲ್ ತನ್ನಲ್ಲಿ ದುಡಿಯುತ್ತಿದ್ದ ಸುಮಾರು ಒಂದೂವರೆ ಲಕ್ಷ ಫೆಲೆಸ್ತೀನ್ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ಗಾಝಾದ ಸಾವಿರಾರು ಕಾರ್ಮಿಕರನ್ನು ಬಂಧಿಸಿಟ್ಟು, ನವೆಂಬರ್‌ನಲ್ಲಿ ಬಾಂಬಿನ ಮಳೆಯ ನಡುವೆಯೇ ಗಾಝಾಕ್ಕೆ ಅಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಜಾಗತಿಕ ಕಾರ್ಮಿಕ ಒಕ್ಕೂಟಗಳು ಎರಡು ಲಕ್ಷಕ್ಕೂ ಹೆಚ್ಚು ಫೆಲೆಸ್ತೀನ್ ಕಾರ್ಮಿಕರ ಬಾಕಿ ಸಂಬಳಕ್ಕಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ದೂರು ಕೊಟ್ಟವು. ಖಾಲಿಯಾದ ಆ ಸ್ಥಳಗಳನ್ನು ತುಂಬಲು ನಮ್ಮ ದೇಶದಿಂದಲೇ ಕಾರ್ಮಿಕರನ್ನು ಆರಿಸಲಾಯಿತು. 2024ರ ಜನವರಿಯಲ್ಲಿ ರೋಹ್ಟಕ್ ಮತ್ತು ಲಕ್ನೋಗಳಲ್ಲಿ ಸಾವಿರಾರು ಯುವಕರು ಸರದಿಯಲ್ಲಿ ನಿಂತರು. ಕೇಂದ್ರ ಕಾರ್ಮಿಕ ಸಂಘಟನೆಗಳು ಮೊದಲೇ ಇದನ್ನು ವಿರೋಧಿಸಿದ್ದವು. ಅದೇ ಮಾರ್ಚ್ 4ರಂದು ಉತ್ತರ ಇಸ್ರೇಲಿನಲ್ಲಿ ಕ್ಷಿಪಣಿ ಬಡಿದು, ಅಲ್ಲಿ ದುಡಿಯುತ್ತಿದ್ದ ಕೇರಳದ ಯುವಕನೊಬ್ಬ ಮೃತಪಟ್ಟ. ಆ ಸರದಿಯಲ್ಲಿ ನಿಂತ ಬಡವನನ್ನು ನಾವು ದೂರುವುದಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿದ್ದು ಹಸಿವು. ಊರಲ್ಲಿ ಕೆಲಸ ಕೊಡಲಾರದ ವ್ಯವಸ್ಥೆ ಬಡವನಿಗೆ ಯುದ್ಧಭೂಮಿಯನ್ನೇ ಅವಕಾಶವೆಂದು ತೋರಿಸಿತಲ್ಲ, ನಮ್ಮ ಪ್ರಶ್ನೆ ಅದಕ್ಕೆ. ಒಬ್ಬ ಕಾರ್ಮಿಕನ ಅನ್ನ ಕಸಿದು ಇನ್ನೊಬ್ಬನ ಪ್ರಾಣವನ್ನು ಪಣಕ್ಕಿಡುವ ಈ ವ್ಯಾಪಾರದಲ್ಲಿ ಇಬ್ಬರೂ ಮರ್ದಿತರೇ.

ಹಾಗೆಂದು ಬೆರಳನ್ನು ಹೊರಗೆ ಮಾತ್ರ ತೋರಿಸುವುದು ನ್ಯಾಯವಾಗದು. ವಂಚಿಸುವ ಏಜೆಂಟರಲ್ಲಿ ಸಲಾಮ್ ಹೇಳಿ ಮನೆಯೊಳಗೆ ಬರುವವರೂ ಇದ್ದಾರೆ. ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವ ಮಾಲಕರಲ್ಲಿ ಐದು ಹೊತ್ತು ನಮಾಝ್ ಮಾಡುವವರೂ ಇದ್ದಾರೆ. ಪಾಸ್‌ಪೋರ್ಟ್ ಎಂದೆಂದಿಗೂ ಭಾರತ ಸರಕಾರದ ಸೊತ್ತೆಂದು 1967ರ ಪಾಸ್‌ಪೋರ್ಟ್ ಕಾಯ್ದೆ ಹೇಳುತ್ತದೆ. ಕೊಲ್ಲಿಯ ಹಲವು ದೇಶಗಳ ಕಾನೂನುಗಳೂ ಅದನ್ನು ಮಾಲಕ ಇಟ್ಟುಕೊಳ್ಳುವುದನ್ನು ನಿಷೇಧಿಸಿವೆ. ಯುದ್ಧದ ದಿನ ಪಾಸ್‌ಪೋರ್ಟ್ ಮಾಲಕನ ಕಪಾಟಿನಲ್ಲಿದ್ದರೆ ಮನೆಗೆ ಮರಳುವ ದಾರಿಯೂ ಅಲ್ಲೇ ಬಂಧಿಯಾಗುತ್ತದೆ. ಮಾಲಕ ಮುಸ್ಲಿಮನೆಂಬ ಕಾರಣಕ್ಕೆ ಈ ಅನ್ಯಾಯಕ್ಕೆ ರಿಯಾಯಿತಿ ಇಲ್ಲ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದ ಪ್ರವಾದಿ(ಸ)ರ ಅನುಯಾಯಿ ಎಂಬ ಕಾರಣಕ್ಕೆ ಅವನ ಅಪರಾಧ ಇಮ್ಮಡಿಯಾಗುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಏಜೆಂಟ್ ಯಾರೆಂದು ನೋಡಬೇಕು. 1983ರ ವಲಸೆ ಕಾಯ್ದೆಯು ನೋಂದಣಿ ಇಲ್ಲದೆ ವಿದೇಶಿ ಕೆಲಸಕ್ಕೆ ಜನರನ್ನು ಆರಿಸುವುದನ್ನು ನಿಷೇಧಿಸಿತು. ನೋಂದಾಯಿತರ ಪಟ್ಟಿ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ದೊರೆಯುತ್ತದೆ. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ ವಲಸೆ ನಿಯಮಗಳು 30,000 ರೂಪಾಯಿಯ ಮಿತಿ ಹಾಕಿದವು. ಲಕ್ಷ ಕೇಳುವವನ ಮುಂದೆ ಈ ನಿಯಮದ ಹೆಸರೆತ್ತಿದರೆ ಸಾಕು, ಅವನು ಯಾರೆಂಬುದು ತಿಳಿದುಬಿಡುತ್ತದೆ.

ಎರಡನೆಯದಾಗಿ, ಸಂದರ್ಶಕ ವೀಸಾದಲ್ಲಿ ಕೆಲಸಕ್ಕೆ ಹೋಗಬಾರದು. ಹತ್ತನೇ ತರಗತಿ ಮುಗಿಸದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ವಲಸೆ ಅನುಮತಿ ಪಡೆಯಬೇಕೆಂಬ ನಿಯಮ ಬಂದದ್ದು ಕಿರುಕುಳಕ್ಕಲ್ಲ, ಕಾವಲಿಗೆ. ಈ ಅನುಮತಿಯೊಂದಿಗೆ ಹೋಗುವವರಿಗಾಗಿ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ; ಅಪಘಾತದಲ್ಲಿ ಸಾವು ಸಂಭವಿಸಿದರೆ 10 ಲಕ್ಷ ರೂಪಾಯಿಯ ರಕ್ಷಣೆ ಅದರಲ್ಲಿದೆ. ಸಂದರ್ಶಕ ವೀಸಾದ ಒಳದಾರಿ ಹಿಡಿದವನು ಈ ಕಾವಲನ್ನು ತಾನೇ ಕಳಚಿಟ್ಟಂತೆ.

ಮೂರನೆಯದಾಗಿ, ಕರಾರು ಓದಿಸಬೇಕು. ಬರದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು. ಯುದ್ಧ ಬಂದರೆ ಬಾಕಿ ಸಂಬಳ ಯಾವಾಗ, ಮರಳುವ ಟಿಕೆಟ್ ಯಾರದು, ಅಪಾಯದ ಸ್ಥಳಕ್ಕೆ ಕಳುಹಿಸಿದರೆ ನಿರಾಕರಿಸುವ ಹಕ್ಕಿದೆಯೇ, ಯುದ್ಧದ ಗಾಯಕ್ಕೆ ಪರಿಹಾರವಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಹುಡುಕಬೇಕು. ಉತ್ತರ ಇಲ್ಲದಿದ್ದರೆ ಬರೆಸಿಕೊಳ್ಳಬೇಕು. ಬರೆದುಕೊಡಲು ಒಪ್ಪದ ಮಾಲಕ ಯುದ್ಧದ ದಿನ ಫೋನ್ ಎತ್ತಿಯಾನೆಂದು ನಂಬುವುದು ಹೇಗೆ?

ನಾಲ್ಕನೆಯದಾಗಿ, ಪಾಸ್‌ಪೋರ್ಟ್, ವೀಸಾ, ಕರಾರು ಮತ್ತು ಪ್ರತಿ ತಿಂಗಳ ಸಂಬಳದ ಚೀಟಿಯ ಪ್ರತಿಯೊಂದು ಮನೆಯಲ್ಲಿರಬೇಕು. ಇದು ಮನೆಯ ಹೆಣ್ಣುಮಕ್ಕಳು ಅತ್ಯಂತ ಚೆನ್ನಾಗಿ ಮಾಡಬಲ್ಲ ಕೆಲಸ. ಕಷ್ಟ ಬಂದಾಗ ಭಾರತೀಯ ದೂತಾವಾಸದಲ್ಲಿ 2009ರಲ್ಲಿ ಆರಂಭವಾದ ಸಮುದಾಯ ಕಲ್ಯಾಣ ನಿಧಿ ಇದೆ, ದೂರು ನೀಡಲು ಸಚಿವಾಲಯದ ಮದದ್ ತಾಣವಿದೆ. ಅವುಗಳ ಬಾಗಿಲು ತಟ್ಟಲು ಈ ಪ್ರತಿಗಳು ಬೇಕು.

ಇಷ್ಟನ್ನೂ ಒಂದೊಂದು ಮನೆ ಒಂಟಿಯಾಗಿ ಮಾಡಲಾರದು. ಆದ್ದರಿಂದ ನಮ್ಮ ಮಸೀದಿ ಕಮಿಟಿಗಳಿಗೆ ಒಂದು ಮನವಿ. ಜುಮಾ ನಮಾಝಿನ ಬಳಿಕ ಅರ್ಧ ಗಂಟೆ ಒಂದು ಮೇಜು ಹಾಕಿ. ಇಂಗ್ಲಿಷ್ ಬಲ್ಲ ಒಬ್ಬ ಯುವಕ, ಕಾನೂನು ಬಲ್ಲ ಒಬ್ಬ ವಕೀಲ, ಕೊಲ್ಲಿಯಲ್ಲಿ ದುಡಿದು ಮರಳಿದ ಒಬ್ಬ ಹಿರಿಯ ಅಲ್ಲಿ ಕೂರಲಿ. ದುಡಿಯಲು ಹೊರಟವನು ಯಾವ ಧರ್ಮದವನೇ ಆಗಲಿ, ಅವನ ಕರಾರನ್ನು ಓದಿ ಅರ್ಥ ಹೇಳಲಿ. ಯುದ್ಧಕ್ಕೆ ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲ. ರಷ್ಯಾದ ಕಂದಕಗಳಲ್ಲಿ ಇಬ್ಬರೂ ಇದ್ದರು. ನಮ್ಮ ಜನಪ್ರತಿನಿಧಿಗಳು ಮತ ಕೇಳಲು ಬಂದಾಗ, ನಕಲಿ ಏಜೆಂಟರ ಮೇಲೆ ಜಿಲ್ಲಾಡಳಿತ ಯಾವ ಕ್ರಮ ಕೈಗೊಂಡಿದೆಯೆಂದು, ನಮ್ಮ ಜಿಲ್ಲೆಯಲ್ಲೇ ಮಾಹಿತಿ ಕೇಂದ್ರ ಏಕಿಲ್ಲವೆಂದು ಕೇಳೋಣ. ಪ್ರಾಣ ಉಳಿಸಲು ವಿಮಾನ ಕಳುಹಿಸುವ ಸರಕಾರವನ್ನು ಅಭಿನಂದಿಸೋಣ. ಹಾಗೆಯೇ, ವಿಮಾನ ಕಳುಹಿಸಬೇಕಾದ ಸ್ಥಿತಿ ಬರುವ ಮೊದಲೇ ಮಾಲಕರನ್ನು ಹೊಣೆಗಾರರನ್ನಾಗಿಸುವ ಒಪ್ಪಂದಗಳನ್ನು ಮಾಡಿಕೊಳ್ಳಿರೆಂದು ಒತ್ತಾಯಿಸೋಣ.

ಇಲ್ಲೇ ಈ ಪರಿಸರದಲ್ಲಿ ಇಟ್ಟಿಗೆ ಭಟ್ಟಿ, ಹೊಟೇಲು, ಗ್ಯಾರೇಜು ನಡೆಸುವ ಮಾಲಕರಿಗೂ ಒಂದು ಮಾತು. ದೂರದ ಅರಬ್ ಮಾಲಕನಿಂದ ನಾವು ನ್ಯಾಯ ಬಯಸುವಾಗ, ನಮ್ಮ ಭಟ್ಟಿಯಲ್ಲಿ ದುಡಿಯುವ ಬಿಹಾರದ ಹುಡುಗನಿಗೆ ಕರಾರಿದೆಯೇ, ವಿಮೆ ಇದೆಯೇ ಎಂಬುದನ್ನು ಇಂದು ರಾತ್ರಿಯೇ ನೋಡಿಕೊಳ್ಳಬೇಕು. ಆ ಹುಡುಗನಿಗೂ ಎಲ್ಲೋ ಒಬ್ಬ ತಾಯಿ ಕಾದಿದ್ದಾಳೆ.

ಮದ್‌ಯನ್‌ನ ಆ ಹಿರಿಯರು ಅಂದು ನಿರಾಶ್ರಿತನೊಬ್ಬನಿಗೆ ನ್ಯಾಯವಾದ ಕರಾರು ಮಾಡಿಕೊಟ್ಟರು. ಅವಧಿ ಪೂರೈಸಿದ ಮೇಲೆ ಅದೇ ಕೆಲಸಗಾರ ಕುಟುಂಬದೊಂದಿಗೆ ಸ್ವಂತ ನಾಡಿನ ದಾರಿ ಹಿಡಿದರು. ಆ ದಾರಿಯಲ್ಲೇ ಅಲ್ಲಾಹನು ಅವರನ್ನು ಪ್ರವಾದಿಯಾಗಿ ನೇಮಿಸಿದನು. ನಮ್ಮ ಮಕ್ಕಳೂ ದುಡಿದ ಸಂಬಳದೊಂದಿಗೆ, ಪೂರ್ತಿ ದೇಹದೊಂದಿಗೆ, ತಲೆಯೆತ್ತಿ ಮನೆಗೆ ಮರಳುವಂತಾಗಲಿ. ಅದಕ್ಕಾಗಿ ಬೇಡುವ ಕೈಗಳು ಬರೆಸಿಕೊಳ್ಳುವ ಕೈಗಳೂ ಆಗಲಿ. ಅಲ್ಲಾಹನು ನಮಗೆ ಅದಕ್ಕೆ ಸಾಮರ್ಥ್ಯ ನೀಡಲಿ. ಆಮೀನ್.